ಆರು ಹಾಸಿಗೆಯ ವಾರ

ತಕ್ಕಡಿ ಮಾಮ ಹೋದ ಸೋಮವಾರ ಬೆಳಿಗ್ಗೆ ತೀರಿಕೊಂಡ. ವಯಸ್ಸು ಅರವತ್ತೆಂಟು. ಹೃದಯ ನಿಂತಿತು ಎಂದು ಡಾಕ್ಟರು ಬರೆದುಕೊಟ್ಟರು. ಸತ್ತದ್ದು ತನ್ನ ಮನೆಯಲ್ಲಲ್ಲ, ಅಂಗಡಿಯಲ್ಲೂ ಅಲ್ಲ. ಊರಿನಿಂದ ಬಸ್ಸಿನಲ್ಲಿ ಐದು ಗಂಟೆಯ ದಾರಿ, ಅಲ್ಲೊಂದು ಸರೋವರ, ಅದರ ದಂಡೆಯ ಮೇಲಿನ ಮನೆಯಲ್ಲಿ. ಆ ಮನೆ ವರ್ಷಕ್ಕೆ ಒಂದೇ ವಾರ ಅವನದು. ಆ ಒಂದು ವಾರವೂ ಪೂರ್ತಿ ಅವನದಲ್ಲ, ನಾಲ್ಕರಲ್ಲಿ ಒಂದು ಪಾಲು.

ತಕ್ಕಡಿ ರಿಪೇರಿ ಅವನ ಕಸುಬು. ತರಕಾರಿ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ, ಔಷಧದಂಗಡಿಗೂ ಕೊಡೆ ಅಂಗಡಿಗೂ ನಡುವೆ ಒಬ್ಬ ಮನುಷ್ಯ ಕೈ ಚಾಚಿದರೆ ಎರಡೂ ಗೋಡೆ ಸಿಗುವಷ್ಟು ಅಗಲದ ಅಂಗಡಿ. ಅಪ್ಪ ತೀರಿಕೊಂಡಾಗ ಅವನಿಗೆ ಹತ್ತೊಂಬತ್ತು. ಅಂದು ಕೂತ ಸ್ಟೂಲಿನ ಮೇಲೆಯೇ ನಲವತ್ತೊಂಬತ್ತು ವರ್ಷ ಕೂತ. ಹಿತ್ತಾಳೆಯ ಬಟ್ಟುಗಳನ್ನು ಅವನು ಬೆರಳಿನಿಂದ ಮುಟ್ಟುತ್ತಿರಲಿಲ್ಲ. ಬೆರಳಿನ ಜಿಡ್ಡು ಹತ್ತಿದರೆ ತೂಕ ಕೆಡುತ್ತದೆ ಎಂದು ಚಿಮಟದಲ್ಲಿ ಎತ್ತಿಡುತ್ತಿದ್ದ. ಮುಳ್ಳು ನಡುವಿಗೆ ಬಂದು ನಿಲ್ಲುವವರೆಗೆ ಉಸಿರು ಬಿಗಿಹಿಡಿಯುತ್ತಿದ್ದ. ತಟ್ಟೆಯ ಅಡಿಗೆ ಮೇಣ ಅಂಟಿಸಿಕೊಂಡು ಬಂದ ವ್ಯಾಪಾರಿಗಳಿಗೆ ಅವನು ಬೈಯುತ್ತಿರಲಿಲ್ಲ. ಅವರ ಎದುರಿಗೇ ಮೇಣ ಕೆರೆದು, ಕಾಗದದಲ್ಲಿ ಕಟ್ಟಿ, "ಇದು ನಿಮ್ಮದು, ಬಿಟ್ಟು ಹೋಗಿದ್ರಿ" ಎಂದು ಕೈಗೆ ಕೊಡುತ್ತಿದ್ದ. ಗುಲಗಂಜಿಯಷ್ಟೂ ಹೆಚ್ಚು ಕಡಿಮೆ ಆಗಬಾರದು ಅವನಿಗೆ, ತೂಕದಲ್ಲೂ ಅಷ್ಟೇ, ಮಾತಿನಲ್ಲೂ ಅಷ್ಟೇ.

ತಂಗಿಯ ಮದುವೆ ಮಾಡಿದ. ಆಮೇಲೆ ಅಮ್ಮನ ಕಾಯಿಲೆ ನೋಡಿಕೊಂಡ. ಆಮೇಲೆ ತನ್ನ ಸರದಿ ಎಂದುಕೊಂಡಿದ್ದ. ಅಷ್ಟರಲ್ಲಿ ತಲೆ ನರೆತಿತ್ತು. ತಂಗಿಯ ಇಬ್ಬರು ಹೆಣ್ಣುಮಕ್ಕಳು ಮಾಮ ಎನ್ನುತ್ತಿದ್ದದ್ದನ್ನು ಕೇಳಿ ಇಡೀ ಬೀದಿ ಅವನನ್ನು ಮಾಮ ಎನ್ನತೊಡಗಿತು. ಬೀದಿಗೆಲ್ಲ ಮಾಮ ಆದವನ ಮನೆಯಲ್ಲಿ ಮಾತ್ರ ಹಾಗೆ ಕರೆಯುವವರು ಯಾರೂ ಇರಲಿಲ್ಲ.

ಆ ವಾರವನ್ನು ಅವನು ಕೊಂಡದ್ದು ಹದಿಮೂರು ವರ್ಷದ ಹಿಂದೆ. ಒಂದು ಹೋಟೆಲಿನ ಅಡಿಗೆಮನೆಯ ತೂಕದ ಯಂತ್ರ ಕೆಟ್ಟಿತ್ತು, ಸರಿಮಾಡಲು ಹೋಗಿದ್ದ. ಕೆಲಸ ಮುಗಿಸಿ ಕೈ ಒರೆಸಿಕೊಳ್ಳುತ್ತ ಬರುವಾಗ ಹೋಟೆಲಿನ ಸಭಾಂಗಣದಲ್ಲಿ ಜನ, ಬಣ್ಣದ ಚಿತ್ರಗಳು, ತಣ್ಣನೆಯ ಶರಬತ್ತು. ಒಬ್ಬ ಹುಡುಗಿ ನಗುತ್ತ ಲೋಟ ಕೊಟ್ಟು ಕುರ್ಚಿ ತೋರಿಸಿದಳು. ಸರೋವರದ ದಂಡೆಯಲ್ಲಿ ಮನೆ, ವರ್ಷದಲ್ಲಿ ಗೊತ್ತಾದ ಒಂದು ವಾರ ನಿಮಗೇ, ಇಪ್ಪತ್ತು ವರ್ಷ ಬೇರೆ ಯಾರೂ ಕಾಲಿಡುವ ಹಾಗಿಲ್ಲ ಎಂದು ವಿವರಿಸಿದಳು.

"ಸರ್, ನಿಮ್ಮ ಫ್ಯಾಮಿಲೀಲಿ ಎಷ್ಟು ಜನ?"

"ಆರು" ಎಂದ ಮಾಮ.

ಆ ಸುಳ್ಳು ಎಲ್ಲಿಂದ ಬಂತೋ ಅವನಿಗೇ ತಿಳಿಯಲಿಲ್ಲ. ಎದುರಿಗೆ ಇಟ್ಟಿದ್ದ ಚಿತ್ರದಲ್ಲಿ ಊಟದ ಮೇಜಿಗೆ ಆರು ಕುರ್ಚಿ ಇದ್ದವು, ಆರರಲ್ಲೂ ಜನ ಕೂತಿದ್ದರು, ಅವನು ಅದನ್ನೇ ನೋಡುತ್ತಿದ್ದ. ಹುಡುಗಿ ಆರು ಹಾಸಿಗೆಯ ಮನೆ ಬರೆದುಕೊಂಡಳು. ಪತ್ರದ ಮೇಲೆ ನಾಲ್ಕು ಜನ ಪಾಲುದಾರರ ಹೆಸರು ಹಾಕಬಹುದು ಎಂದಳು. ಆ ಸಂಜೆಯಿಂದಲೇ ಮಾಮ ಉಳಿದ ಮೂರು ಹೆಸರು ಹುಡುಕಿಕೊಂಡು ಹೊರಟ.

ಮೊದಲನೆಯದು ತಂಗಿ. ಎರಡನೆಯದು ಪಕ್ಕದ ಔಷಧದಂಗಡಿಯವನು. ಅವನನ್ನು ಮಾಮ ಗುಳಿಗೆಪ್ಪ ಎಂದು ಕರೆಯುತ್ತಿದ್ದ, ಅವನ ಹೆಂಡತಿಯೂ ಈಗ ಹಾಗೇ ಕರೆಯುತ್ತಾಳೆ. ಮೂರನೆಯದು ಮೇಷ್ಟ್ರು. ಅವರಿಗೂ ಹಿಂದುಮುಂದು ಯಾರಿಲ್ಲ, ಮನೆ ತುಂಬ ಪುಸ್ತಕ. ದಿನಾ ಸಂಜೆ ಮಾಮನ ಅಂಗಡಿಯ ಮೆಟ್ಟಿಲ ಮೇಲೆ ಕೂತು ಪೇಪರು ಓದುವುದು ಮೂವತ್ತು ವರ್ಷದ ಅಭ್ಯಾಸ.

ಹಂಚಿಕೊಳ್ಳುವುದು ಹೇಗೆ ಎಂದು ಮಾತಾಡಲು ಒಂದು ಭಾನುವಾರ ಎಲ್ಲರೂ ತಂಗಿಯ ಮನೆಯಲ್ಲಿ ಸೇರಿದರು. ಎಣಿಸಿ ನೋಡಿದರೆ ತಂಗಿಯ ಕಡೆ ಅತ್ತೆ ಸೇರಿ ಐದು, ಗುಳಿಗೆಪ್ಪನ ಕಡೆ ಮಗ ಸೇರಿ ಮೂರು, ಮೇಷ್ಟ್ರು ಒಬ್ಬರು, ಮಾಮ ಒಬ್ಬ. ಹತ್ತು ಜನ, ಆರು ಹಾಸಿಗೆ.

"ಒಂದು ಮನೇನ ಎಷ್ಟು ಜನ ಹಂಚ್ಕೋಬೇಕು ಅಂದ್ರೆ" ಗುಳಿಗೆಪ್ಪ ಶುರುಮಾಡಿದ, "ಇಬ್ರು. ಮೂರನೆಯವನು ಬಂದ ಅಂದ್ರೆ ಪಂಚಾಯ್ತಿ, ನಾಲ್ಕನೆಯವನು ಬಂದ ಅಂದ್ರೆ ಪೊಲೀಸು."

"ನೀವಿಬ್ರೇ ಇದ್ದಾಗಲೂ ಪೊಲೀಸ್ ಬರೋ ಹಾಗಿರತ್ತಲ್ಲ ನಿಮ್ಮನೇಲಿ" ಎಂದಳು ತಂಗಿ. ಗುಳಿಗೆಪ್ಪನ ಹೆಂಡತಿ ಎಲ್ಲರಿಗಿಂತ ಜೋರಾಗಿ ನಕ್ಕಳು.

"ದಿನ ಹಂಚೋಣ ಭಾವ" ಎಂದ ತಂಗಿಯ ಗಂಡ. ಅವನು ವಿಮೆ ಕಚೇರಿಯವನು. "ಏಳು ದಿನ, ಹತ್ತು ತಲೆ. ತಲೆಗೆ ಹತ್ತಿರ ಹತ್ತಿರ ಹದಿನೇಳು ಗಂಟೆ."

"ಹದಿನೇಳು ಗಂಟೇಲಿ ಹತ್ತು ಗಂಟೆ ಬಸ್ಸಲ್ಲೇ ಹೋಗತ್ತೆ. ನೀರು ನೋಡಿ ಮುಖ ತೊಳೆದು ವಾಪಸ್ ಬರೋದಾ?" ಎಂದ ಗುಳಿಗೆಪ್ಪ.

ಮಾಮ ಒಂದು ವಾರ ಅಳೆದೂ ಸುರಿದೂ, ಸ್ಕೇಲು ಹಿಡಿದು ಒಂದು ಪಟ್ಟಿ ಮಾಡಿದ. ಮೊದಲ ವರ್ಷ ತಂಗಿಯದು, ಎರಡನೆಯದು ಗುಳಿಗೆಪ್ಪನದು, ಮೂರನೆಯದು ಮೇಷ್ಟ್ರದು, ನಾಲ್ಕನೆಯದು ತನ್ನದು. ಐದನೆಯ ವರ್ಷ ಮತ್ತೆ ತಂಗಿಗೆ. ಸರದಿ ಬಂದವರಿಗೆ ಇಡೀ ಮನೆ, ಇಡೀ ವಾರ. ಯಾರಿಗೂ ಒಂದು ದಿನ ಹೆಚ್ಚಿಲ್ಲ, ಒಂದು ದಿನ ಕಡಿಮೆಯಿಲ್ಲ. ಎಲ್ಲರೂ ಭೇಷ್ ಎಂದರು. ನಾಲ್ಕು ಮನೆಯವರು ಜಗಳವಿಲ್ಲದೆ ಒಂದು ವಸ್ತು ಹಂಚಿಕೊಂಡದ್ದು ಈ ಬೀದಿಯ ಚರಿತ್ರೆಯಲ್ಲೇ ಮೊದಲು ಎಂದ ಗುಳಿಗೆಪ್ಪ. ಪಟ್ಟಿಯ ನಕಲು ನಾಲ್ಕು ಮನೆಯ ಗೋಡೆಗೂ ಹತ್ತಿತು.

ಮೇಷ್ಟ್ರು ಮಾತ್ರ ಕನ್ನಡಕದ ಮೇಲಿಂದ ನೋಡಿ ಕೇಳಿದರು: "ಅಲ್ಲಯ್ಯಾ, ಇದರಲ್ಲಿ ಎಲ್ಲರೂ ಒಟ್ಟಿಗೆ ಹೋಗೋದು ಯಾವಾಗ?"

"ಆರೇ ಹಾಸಿಗೆ ಮೇಷ್ಟ್ರೇ" ಎಂದ ಮಾಮ.

ತಾನೇ ಮಾಡಿದ ತಪ್ಪು ಅವನಿಗೆ ಗೊತ್ತಾದದ್ದು ನಾಲ್ಕನೆಯ ವರ್ಷ. ಅಷ್ಟು ನ್ಯಾಯವಾಗಿ ಹಂಚಿದ್ದ ಪಟ್ಟಿಯಲ್ಲಿ ಇಬ್ಬರು ಒಂದೇ ಸಲ ಆ ಮನೆಯಲ್ಲಿ ಇರುವುದಕ್ಕೆ ದಾರಿಯೇ ಇರಲಿಲ್ಲ. ಅವನ ಸರದಿ ಬಂದಾಗ ಅವನು ಒಬ್ಬನೇ ಹೋದ.

ಆ ಮನೆಯ ಬೀಗದ ಗೊಂಚಲು ಒಬ್ಬ ಹೆಂಗಸಿನ ಸೊಂಟದಲ್ಲಿರುತ್ತದೆ. ಸಾಲು ಮನೆಗಳಿಗೆಲ್ಲ ಅವಳೇ ಉಸ್ತುವಾರಿ. ಬಂದವರೆಲ್ಲ ಬೀಗದಮ್ಮ ಎನ್ನುತ್ತಾರೆ. ಅವಳ ಪುಸ್ತಕದಲ್ಲಿ ಬಂದವರ ಸಂಖ್ಯೆ ಬರೆಯುವ ಕಡೆ ಮಾಮ ಆರು ಎಂದು ಬರೆದ.

"ಉಳಿದ ಐದು ಜನ?"

"ಮುಂದಿನ ಬಸ್ಸಿಗೆ ಬರ್ತಾರೆ."

ಹದಿನೆಂಟು ಮೆಟ್ಟಿಲು ಹತ್ತಿ ಹೋದರೆ ಹಜಾರ, ಎರಡು ಕೋಣೆ, ಕೋಣೆಗೆ ಮೂರು ಹಾಸಿಗೆ. ಆರು ತಟ್ಟೆ, ಆರು ಟವೆಲ್ಲು, ಬಾಗಿಲ ಹಿಂದೆ ಆರು ಗೂಟ. ಒಂದಕ್ಕೆ ಅಂಗಿ ಹಾಕಿದ, ಇನ್ನೊಂದಕ್ಕೆ ಕೊಡೆ, ಮತ್ತೊಂದಕ್ಕೆ ಚೀಲ. ಇನ್ನೂ ಮೂರು ಉಳಿದವು. ಮಧ್ಯಾಹ್ನ ಕಿಟಕಿಯ ಹತ್ತಿರ ಕೂತು ಪಕ್ಕದ ಮನೆಯವರ ಗಲಾಟೆ ಕೇಳಿದ. ಯಾರೋ ಸೋಪು ಕಳೆದಿದ್ದರು, ಯಾರದೋ ಮೇಲೆ ಯಾರೋ ಚಾಡಿ ಹೇಳುತ್ತಿದ್ದರು, ಒಬ್ಬಳು ಮುದುಕಿ ಎಲ್ಲರಿಗೂ ಸೇರಿಸಿ ಬೈಯುತ್ತಿದ್ದಳು. ಅವನಿಗೆ ಅದು ಮುಗಿಯುವುದೇ ಬೇಡವಾಗಿತ್ತು.

ಮೂರನೆಯ ದಿನ ಬೀಗದಮ್ಮ ಹೊದಿಕೆ ಬದಲಾಯಿಸಲು ಬಂದಳು. ಐದು ಹಾಸಿಗೆ ಇಸ್ತ್ರಿಯ ಮಡಿಕೆ ಮುರಿಯದೆ ಹಾಗೇ ಇದ್ದವು.

"ಏನ್ ಸ್ವಾಮಿ, ನಿಮ್ಮ ಬಸ್ಸು ಎಲ್ಲಿ ಕೆಟ್ಟು ನಿಂತಿದೆ?"

ಮಾಮ ನಕ್ಕುಬಿಟ್ಟ. ಐದನೆಯ ದಿನವೇ ಊರಿಗೆ ಹಿಂದಿರುಗಿದ. ಹೇಗಿತ್ತು ಎಂದು ಕೇಳಿದವರಿಗೆ "ಚೆನ್ನಾಗಿದೆ, ಗಾಳಿ ಬೆಳಕು ಇದೆ" ಎಂದ.

ಎಂಟನೆಯ ವರ್ಷ ಅವನು ಬಾಯಿಬಿಟ್ಟು ಕರೆದ. ಅವನಂಥವನಿಗೆ ಅದು ಸುಲಭದ ಕೆಲಸವಲ್ಲ. ಮೊದಲು ಪಕ್ಕದಂಗಡಿಗೆ ಹೋಗಿ, ಬೇಡದ ಕೆಮ್ಮಿನ ಔಷಧ ಕೊಂಡು, ಆಮೇಲೆ ವಿಷಯಕ್ಕೆ ಬಂದ.

"ಛೆ ಛೆ" ಎಂದ ಗುಳಿಗೆಪ್ಪ. "ನಿನ್ನ ಸರದೀಲಿ ನಾವು ಬಂದು ಕೂತ್ರೆ ಅದೇನು ನ್ಯಾಯ? ಹಂಚಿಕೆ ಅಂದ್ಮೇಲೆ ಹಂಚಿಕೆ. ನೀನೇ ಕಲಿಸಿದ್ದು ಗುರುವೇ."

ತಂಗಿಯೂ ಅದೇ ಹೇಳಿದಳು. "ಅಣ್ಣಾ, ನೀನು ಇರೋದೇ ನಾಲ್ಕು ವರ್ಷಕ್ಕೊಂದ್ಸಲ ಆರಾಮಾಗಿ. ನಾವು ಅಷ್ಟು ಜನ ಬಂದು ನಿನ್ನ ಪಾಲಿಗೆ ಕೈ ಹಾಕ್ಲಾ? ನಮ್ಮದು ಬಂದಾಗ ನಾವು ಹೋಗ್ತೀವಿ ಬಿಡು."

ಅವರದು ಬಂದಾಗ ಐದು ಜನ ಹೋಗುತ್ತಿದ್ದರು. ಆರನೆಯ ಹಾಸಿಗೆಗೆ ದೊಡ್ಡ ಮಗಳ ಗೆಳತಿಯನ್ನು ಕರೆದುಕೊಂಡು ಹೋಗಿದ್ದರು. ಇದರಲ್ಲಿ ತಂಗಿಯ ತಪ್ಪೇನೂ ಇಲ್ಲ. ಅಣ್ಣನಿಗೆ ಅವನದೇ ವಾರ ಇದೆಯಲ್ಲ ಎಂದು ಅವಳು ತಿಳಿದಿದ್ದಳು. ಇನ್ನು ಮೇಷ್ಟ್ರು. ಎಂಟನೆಯ ವರ್ಷ ಮಾಮ ಕರೆದಾಗ ಅವರು ಓದುತ್ತಿದ್ದ ಪುಟದಿಂದ ತಲೆ ಎತ್ತದೆ "ನೋಡೋಣ" ಎಂದರು. ಅವರ ಸರದಿ ಮೂರು ಸಲ ಬಂತು. ಮೂರು ಸಲವೂ ಒಂದು ಚೀಲ ಪುಸ್ತಕ ಹೊತ್ತುಕೊಂಡು ಹೋದರು, ಐದು ಹಾಸಿಗೆ ಖಾಲಿ ಬಿಟ್ಟು ಮಲಗಿದರು. ಹೊರಡುವ ಮುನ್ನ ಅಂಗಡಿಯ ಮೆಟ್ಟಿಲ ಮೇಲೆ ನಿಂತು "ಹೋಗಿ ಬರ್ತೀನಯ್ಯಾ" ಎಂದರೇ ಹೊರತು ಒಂದು ಸಲವೂ "ಬಾ" ಎನ್ನಲಿಲ್ಲ. ಎರಡು ಅಕ್ಷರವೂ ಅಲ್ಲ, ಒಂದೇ ಅಕ್ಷರ.

ಈ ವರ್ಷ ಹನ್ನೆರಡನೆಯದು, ಮಾಮನ ಸರದಿ. ವಾರ ಶುರುವಾಗಲು ಒಂದು ತಿಂಗಳಿದೆ ಎನ್ನುವಾಗ ಅವನು ಮೂರು ಚೀಟಿ ಬರೆದ. ತಂಗಿಗೊಂದು, ಗುಳಿಗೆಪ್ಪನಿಗೊಂದು, ಮೇಷ್ಟ್ರಿಗೊಂದು. ಮೂರರಲ್ಲೂ ಒಂದೇ ಒಕ್ಕಣೆ: "ಪಟ್ಟಿಯಲ್ಲಿ ಒಂದು ತಿದ್ದುಪಡಿ ಇದೆ. ಈ ವರ್ಷದ ವಾರ ನಿಮ್ಮದು." ಒಬ್ಬರ ಚೀಟಿ ಇನ್ನೊಬ್ಬರಿಗೆ ಗೊತ್ತಿಲ್ಲ. ಅವನ ಲೆಕ್ಕವನ್ನು ಹನ್ನೆರಡು ವರ್ಷದಲ್ಲಿ ಯಾರೂ ಪ್ರಶ್ನಿಸಿರಲಿಲ್ಲ, ಈಗಲೂ ಪ್ರಶ್ನಿಸಲಿಲ್ಲ. ನಲವತ್ತೊಂಬತ್ತು ವರ್ಷದಲ್ಲಿ ಅವನು ಕೊಟ್ಟ ಮೊದಲ ಕಳ್ಳ ತೂಕ ಅದು.

ಶನಿವಾರ ಮಧ್ಯಾಹ್ನ ಮಾಮ ಮೆಟ್ಟಿಲು ಹತ್ತಿ ಬರುವ ಹೊತ್ತಿಗೆ ಹಜಾರದಲ್ಲಿ ಯುದ್ಧ ನಡೆದಿತ್ತು.

"ಚೀಟಿ ನೋಡ್ರಿ, ನಂದು!" ಗುಳಿಗೆಪ್ಪ ಕಾಗದ ಬೀಸುತ್ತಿದ್ದ.

"ನಮ್ಮತ್ರ ಇರೋದೇನು ಬಸ್ ಟಿಕೆಟ್ಟಾ?" ತಂಗಿ ತನ್ನದನ್ನು ತೆಗೆದಳು.

ಮೇಷ್ಟ್ರು ತಮ್ಮ ಚೀಟಿಯನ್ನು ಪುಸ್ತಕದೊಳಗೆ ಗುರುತಿಗೆ ಇಟ್ಟುಕೊಂಡಿದ್ದರು. ಮೆಲ್ಲಗೆ ಹೊರತೆಗೆದರು. ಬೀಗದಮ್ಮ ಬಾಗಿಲಲ್ಲಿ ನಿಂತು ಗೊಂಚಲು ಕುಲುಕಿದಳು. "ಯಾರ ಚೀಟಿಯಾದ್ರೂ ಆಗ್ಲಿ, ಹಾಸಿಗೆ ಆರೇ. ಕಪ್ಪೆ ತೂಗಿದ ಹಾಗಾಯ್ತು ನನ್ನ ಪಾಡು. ಒಬ್ರನ್ನ ಒಳಗೆ ಹಾಕಿದ್ರೆ ಇನ್ನೊಬ್ರು ಹೊರಗೆ ನೆಗೀತಾರೆ."

ಜೊತೆಗೆ ಮಾಮ ಎಣಿಸದೇ ಇದ್ದ ಇಬ್ಬರು ಬಂದಿದ್ದರು. ಮನೆಯಲ್ಲಿ ಹೇಗೂ ಜಾಗ ಇದೆ ಎಂದು ತಂಗಿ ಚಿಕ್ಕ ಮಗಳನ್ನೂ ಅಳಿಯನನ್ನೂ ಕರೆತಂದಿದ್ದಳು. ಬಂದವರು ಏಳು, ಮಾಮ ಬೇರೆ.

ಎಲ್ಲರೂ ಅವನ ಕಡೆ ತಿರುಗಿದರು.

"ಅಣ್ಣಾ, ಏನಿದು? ಮೂರೂ ನಿನ್ನ ಕೈಬರಹ."

ಆಗ ಅವನು ಹೇಳಬಹುದಾಗಿತ್ತು. ಅದಕ್ಕೆಂದೇ ಐದು ಗಂಟೆ ಬಸ್ಸಿನಲ್ಲಿ ಕೂತು ಬಂದಿದ್ದ. ಬಾಯಿ ತೆರೆದ, ಮದುವೆಯಾಗಿ ಹೋಗಿರುವ ಚಿಕ್ಕವಳು ಗಂಡನ ಮುಂದೆ ಮುಜುಗರಪಡುತ್ತಿದ್ದದ್ದನ್ನು ನೋಡಿದ, ಬಾಯಿ ಮುಚ್ಚಿದ. ಆಮೇಲೆ ಹೇಳಿದ್ದು ಇಷ್ಟೇ:

"ತಪ್ಪಾಯ್ತು. ಲೆಕ್ಕ ತಪ್ಪಿತು."

ಗುಳಿಗೆಪ್ಪ ಚೀಟಿ ಮಡಿಸಿ ಜೇಬಿಗೆ ಹಾಕಿಕೊಂಡ. "ವಯಸ್ಸು ನೋಡು, ಯಾರನ್ನೂ ಬಿಡಲ್ಲ" ಎಂದು ಹೆಂಡತಿಯ ಕಿವಿಯಲ್ಲಿ ಹೇಳಿದ್ದು ಎಲ್ಲರಿಗೂ ಕೇಳಿಸಿತು. ಚಿಕ್ಕವಳೂ ಅವಳ ಗಂಡನೂ ಒಂದೇ ಹಾಸಿಗೆಯಲ್ಲಿ ಮಲಗುತ್ತೇವೆ ಎಂದರು. ಅಲ್ಲಿಗೆ ಆರು ಹಾಸಿಗೆಯೂ ತುಂಬಿದವು.

"ನಿನಗೆ?" ಎಂದಳು ತಂಗಿ.

"ನಂಗೆ ಪೇಟೇಲಿ ಕೆಲಸ ಇದೆ. ಮೀನು ಮಾರ್ಕೆಟ್ಟಿನ ದೊಡ್ಡ ತಕ್ಕಡಿ. ಬಸ್ ಸ್ಟ್ಯಾಂಡ್ ಹತ್ರ ಲಾಡ್ಜಿಗೆ ಹೇಳಿದ್ದೀನಿ."

ಮೀನು ಮಾರ್ಕೆಟ್ಟಿನಲ್ಲಿ ಅವನನ್ನು ಯಾರೂ ಕರೆದಿರಲಿಲ್ಲ. ಲಾಡ್ಜಿಗೂ ಹೇಳಿರಲಿಲ್ಲ. ಬಂದ ಚೀಲವನ್ನೇ ಮತ್ತೆ ಹೆಗಲಿಗೆ ಹಾಕಿಕೊಂಡು ಇಳಿದು ಹೋದ. ಅವನ ಬೆನ್ನ ಹಿಂದೆ ಆಗಲೇ ಯಾವ ಹಾಸಿಗೆ ಯಾರಿಗೆ ಎಂಬ ಗಲಾಟೆ ಶುರುವಾಗಿತ್ತು. ಹನ್ನೆರಡು ವರ್ಷ ಅವನು ಕಾದದ್ದು ಆ ಗಲಾಟೆಗೇ. ಕೆಳಗಿನ ಮೆಟ್ಟಿಲಲ್ಲಿ ಸ್ವಲ್ಪ ಹೊತ್ತು ನಿಂತು ಕೇಳಿದ ಎಂದು ಬೀಗದಮ್ಮ ಆಮೇಲೆ ಹೇಳಿದಳು.

ಭಾನುವಾರ ಬೆಳಿಗ್ಗೆ ಮೇಷ್ಟ್ರು ಲಾಡ್ಜ್ ಹುಡುಕಿಕೊಂಡು ಹೋದರು. ಮಾಮ ಕಿಟಕಿಯಿಲ್ಲದ ಕೋಣೆಯಲ್ಲಿ ಮಂಚದ ತುದಿಗೆ ಕೂತಿದ್ದ. ಚಪ್ಪಲಿ ಕಾಲಲ್ಲೇ ಇತ್ತು.

"ಮೀನು ಮಾರ್ಕೆಟ್ಟು ಏನಾಯ್ತು?"

"ಇವತ್ತು ರಜೆ."

"ನೀನು ಲೆಕ್ಕ ತಪ್ಪಿದ್ದು ನಾನು ನೋಡಿಲ್ಲ. ಒಂದು ಚೀಟಿ ತಪ್ಪಬಹುದು. ಮೂರೂ ಒಂದೇ ತಪ್ಪು ಹೇಗೆ ಮಾಡ್ತವೆ?"

ಮಾಮ ಬಗ್ಗಿ ಚಪ್ಪಲಿ ಬಿಚ್ಚಿಟ್ಟ.

"ಎಣಿಸಿ ನೋಡಿದೆ ಮೇಷ್ಟ್ರೇ. ಆವಾಗ ಹತ್ತು ಜನ ಇದ್ವಿ, ಹಿಡೀತಿರಲಿಲ್ಲ. ತಂಗಿಯ ಅತ್ತೆ ತೀರಿಕೊಂಡ್ರು. ಹೆಣ್ಣುಮಕ್ಕಳು ಮದುವೆಯಾದ್ರು. ಗುಳಿಗೆಪ್ಪನ ಮಗ ಹಡಗಿಗೆ ಸೇರ್ದ. ಈ ವರ್ಷ ಸರಿಯಾಗಿ ಆರು. ಮೊದಲನೇ ಸಲ ಸರಿಯಾಗಿ ಆರು. ಇನ್ನೊಂದು ವರ್ಷ ಕಾದ್ರೆ ಐದಾಗ್ಬಹುದು."

"ಕರೆದಿದ್ರೆ ಬರ್ತಿರ್ಲಿಲ್ವೇನಯ್ಯಾ?"

"ಕರೆದಿದ್ನಲ್ಲ" ಎಂದ ಮಾಮ. ದೂರುವ ದನಿ ಇರಲಿಲ್ಲ, ನೆನಪಿಸುವ ದನಿ.

ಓದಿದ ಪುಸ್ತಕ ಯಾವುದೂ ಮೇಷ್ಟ್ರ ಸಹಾಯಕ್ಕೆ ಬರಲಿಲ್ಲ. ಎದ್ದು ಬಾಗಿಲ ಹತ್ತಿರ ಹೋಗಿ, ಬೆನ್ನು ತಿರುಗಿಸಿಕೊಂಡೇ, "ಬಾ" ಎಂದರು.

"ಎಲ್ಲಿ ಮಲಗ್ಲಿ? ಆರೂ ತುಂಬಿದ್ಯಲ್ಲ."

"ನೆಲ ಇಲ್ವಾ?"

"ನಿಮಗೆ ಮಂಡಿ ನೋವು, ನಿಮ್ಮ ಹಾಸಿಗೆ ನಂಗೆ ಬಿಟ್ಟು ನೀವೇ ನೆಲದ ಮೇಲೆ ಮಲಗ್ತೀರಿ ಅಂತ ಗೊತ್ತು. ಬೇಡ. ಪೇಟೇಲಿ ಮಡಿಸೋ ಮಂಚ ಬಾಡಿಗೆಗೆ ಕೊಡೋ ಅಂಗಡಿ ಇದೆ, ಇವತ್ತು ಮುಚ್ಚಿರತ್ತೆ. ನಾಳೆ ಬೆಳಿಗ್ಗೆ ತೊಗೊಂಡು ಬರ್ತೀನಿ."

"ಖಂಡಿತ?"

"ನನ್ನ ಮಾತು ಯಾವತ್ತಾದ್ರೂ..." ಎಂದು ಶುರುಮಾಡಿದವನು ಚೀಟಿಗಳನ್ನು ನೆನೆದು ನಿಲ್ಲಿಸಿದ. ಇಬ್ಬರೂ ನಕ್ಕರು. ನಗು ಮುಗಿದ ಮೇಲೆ ಕೋಣೆ ಮತ್ತೆ ಹಾಗೇ ಆಯಿತು. ಮೇಷ್ಟ್ರು ಅವತ್ತೇ ಎಳೆದುಕೊಂಡು ಹೋಗಬೇಕಿತ್ತು. ಹೋಗಲಿಲ್ಲ. ನಾಳೆ ಎಂದಿದ್ದಾನಲ್ಲ ಎಂದುಕೊಂಡರು.

ಹಿಂದಿರುಗಿ ಬಂದು ಅವರು ಮನೆಯವರಿಗೆಲ್ಲ ವಿಷಯ ಹೇಳಿದರು. ತಂಗಿ ಸೆರಗಿನಲ್ಲಿ ಮುಖ ಒರೆಸಿಕೊಂಡು "ಹೇಳಬಾರದಿತ್ತಾ, ಹೇಳಬಾರದಿತ್ತಾ" ಎಂದಳು. ಗುಳಿಗೆಪ್ಪ ಅವತ್ತು ಪೂರ್ತಿ ಜೋಕು ಮಾಡಲಿಲ್ಲ. ಬೀಗದಮ್ಮನನ್ನು ಒಪ್ಪಿಸುವ ಕೆಲಸವೂ ಮೇಷ್ಟ್ರ ಪಾಲಿಗೇ ಬಂತು. ಅವಳು ಗೊಂಚಲು ಸೊಂಟಕ್ಕೆ ಸಿಕ್ಕಿಸಿಕೊಂಡು, "ನಂಗೆ ಆರರ ಮೇಲೆ ಎಣಿಸೋಕೆ ಬರಲ್ಲ ಮೇಷ್ಟ್ರೇ. ಎಣಿಸೋಕೆ ಬರೋರು ಯಾರಾದ್ರೂ ಬಂದ್ರೆ, ಹೆಚ್ಚಿಗೆ ಇರೋರನ್ನ ಬಾಗಿಲ ಹಿಂದೆ ನಿಲ್ಲಿಸ್ಕೊಳ್ಳಿ" ಎಂದಳು.

ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ ಆಟೋ ಬಂತು. ಅಳಿಯ ಕೆಳಗೆ ಓಡಿದ. ಅಷ್ಟರಲ್ಲಿ ಮಾಮ ಕಬ್ಬಿಣದ ಮಡಿಸುವ ಮಂಚವನ್ನು ಹೆಗಲ ಮೇಲೆ ಇಟ್ಟುಕೊಂಡು ಅರ್ಧ ಮೆಟ್ಟಿಲು ಹತ್ತಿಬಿಟ್ಟಿದ್ದ. ಕೊಡಿ ಎಂದರೂ ಕೊಡಲಿಲ್ಲ. ಯಾರೂ ಅವನಿಗೆ ವಿಶೇಷವಾಗಿ ಏನೂ ಹೇಳಲಿಲ್ಲ. ಹಾಗೇ ಇರೋಣ, ಅವನಿಗೆ ಮುಜುಗರವಾಗುತ್ತದೆ ಎಂದು ಹಿಂದಿನ ದಿನವೇ ಮಾತಾಗಿತ್ತು. ಗುಳಿಗೆಪ್ಪ ಮಾತ್ರ "ಬಂದ್ಯಾ? ನಿನ್ನ ತಂಗಿ ಗಂಡ ಗೊರಕೆ ಹೊಡೆದು ನಮ್ಮನ್ನ ಕೊಂದ. ಇವತ್ತಿಂದ ಅವನ ಪಕ್ಕ ನೀನು" ಎಂದ.

"ಆಗ್ಲಿ" ಎಂದ ಮಾಮ. ಮುಖ ಬೆವರಿತ್ತು. ಹತ್ತಿ ಬಂದದ್ದಕ್ಕೆ ಎಂದುಕೊಂಡರು.

ಹಜಾರದ ಗೋಡೆಯ ಪಕ್ಕ ಮಂಚ ಬಿಚ್ಚಿದ. ಒಂದು ಕಾಲು ಗಿಡ್ಡವಾಗಿ ಕುಂಟುತ್ತಿತ್ತು. ಚೀಲದಿಂದ ರಸಮಟ್ಟ ತೆಗೆದು ಇಟ್ಟು ನೋಡಿ, ಕಾಗದ ಮಡಿಸಿ ಆ ಕಾಲಿನ ಕೆಳಗೆ ಕೊಟ್ಟ. ರಸಮಟ್ಟದ ಗಾಜಿನೊಳಗಿನ ಗುಳ್ಳೆ ನಡುವಿಗೆ ಬಂದು ನಿಂತಿತು. ಅಡಿಗೆಮನೆಯಲ್ಲಿ ಹಾಲು ಯಾರು ಉಕ್ಕಿಸಿದ್ದು ಎಂದು ತಂಗಿಗೂ ಗುಳಿಗೆಪ್ಪನ ಹೆಂಡತಿಗೂ ವಾದ ನಡೆದಿತ್ತು. ಬಚ್ಚಲ ಬಾಗಿಲನ್ನು ಯಾರೋ ಬಡಿಯುತ್ತಿದ್ದರು. ಮೇಷ್ಟ್ರು ಕಿಟಕಿಯ ಹತ್ತಿರ ಪೇಪರು ಹಿಡಿದು, ಓದದೆ, ಅವನನ್ನೇ ನೋಡುತ್ತಿದ್ದರು. ಮಾಮ ಮಂಚದ ಮೇಲೆ ಕೂತು ಎರಡೂ ಕೈಯನ್ನು ಪಕ್ಕಕ್ಕೆ ಊರಿದ.

"ಅಣ್ಣಾ" ಎಂದು ಒಳಗಿನಿಂದ ತಂಗಿ ಕೂಗಿದಳು, "ಎಷ್ಟು ಜನಕ್ಕೆ ಟೀ ಇಡ್ಲಿ?"

ಅವನು ತಲೆ ಎತ್ತಿದ. ಅಡಿಗೆಮನೆಯ ಕಡೆ, ಬಚ್ಚಲ ಕಡೆ, ಕೋಣೆಗಳ ಕಡೆ, ಕಿಟಕಿಯ ಕಡೆ ನೋಡುತ್ತ ತುಟಿಯಲ್ಲೇ ಎಣಿಸಿದ. ಕೊನೆಗೆ ತನ್ನ ಎದೆ ಮುಟ್ಟಿಕೊಂಡ.

"ಎಂಟು" ಎಂದ.